ಅರವತ್ತನಾಲ್ಕನೆಯ ಸಾಲು

ಆಗಸ್ಟ್ 1

ಪ್ರೀತಿಯ ಅತ್ತೆಗೆ,

ಮೊದಲು ಸಾರಿ. ಕಾಗದ ಬರೆದು ತೊಂದರೆ ಕೊಡುತ್ತಿರುವುದಕ್ಕೆ ಒಂದು ಸಾರಿ, ಇಷ್ಟು ದಿನ ಬರೆಯದೇ ಇದ್ದುದಕ್ಕೆ ಇನ್ನೊಂದು, ನನ್ನ ಕನ್ನಡ ಹ್ಯಾಂಡ್‌ರೈಟಿಂಗಿಗೆ ಮೂರನೆಯದು. ನಾಲ್ಕನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳ ಒತ್ತಕ್ಷರ ಹೀಗೇ. ಮೇಲಿನ ಅಕ್ಷರಕ್ಕೂ ಕೆಳಗಿನದಕ್ಕೂ ಮಾತು ಬಿಟ್ಟು ವರ್ಷವಾದ ಹಾಗಿರುತ್ತದೆ.

ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳುತ್ತೀರಿ. ಇಲ್ಲಿ ಫಸ್ಟ್ ಇಯರ್‌ನವರ ಫೋನುಗಳೆಲ್ಲ ವಾರ್ಡನ್ ಮೇಡಂ ಅವರ ಕಬ್ಬಿಣದ ಬೀರುವಿನಲ್ಲಿ ಇವೆ. ಭಾನುವಾರ ಮಧ್ಯಾಹ್ನ ಒಂದು ಗಂಟೆ ಮಾತ್ರ ಕೊಡುತ್ತಾರೆ. ಆಗ ನಿಮಗೆ ನಾಟಕದ ಮಧ್ಯಾಹ್ನದ ಷೋ. ಅಲ್ಲದೆ ಆ ಒಂದು ಗಂಟೆ ಪೂರ್ತಿ ಅಮ್ಮ ಊಟದ ವಿಷಯ ಕೇಳುತ್ತಾರೆ, ಹಿಂದಿನಿಂದ ಅಪ್ಪ "ಓದ್ತಿದಾಳಾ ಕೇಳು, ಓದ್ತಿದಾಳಾ ಕೇಳು" ಎನ್ನುತ್ತಿರುತ್ತಾರೆ.

ವಿಷಯಕ್ಕೆ ಬರುತ್ತೇನೆ. ಪ್ರೋಗ್ರಾಮಿಂಗ್ ಸರ್ ಒಂದು ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಹೌದು ಅಥವಾ ಇಲ್ಲ, ಆನ್ ಅಥವಾ ಆಫ್, ಹೀಗೆ ಎರಡೇ ಸ್ಥಿತಿ ಇರುವ ಆರು ನಿಜವಾದ ವಸ್ತುಗಳನ್ನು ಎಲ್ಲಿಂದಲಾದರೂ ತರಬೇಕು. ಆರೂ ಸೇರಿ ಎಷ್ಟು ಬಗೆಯಲ್ಲಿ ಇರಬಹುದೋ ಅಷ್ಟನ್ನೂ ನಮ್ಮ ಪ್ರೋಗ್ರಾಂ ಸಾಲುಸಾಲಾಗಿ ಬರೆಯಬೇಕು. ಒಂದೂ ಬಿಟ್ಟುಹೋಗಬಾರದು, ಒಂದೂ ಎರಡು ಸಲ ಬರಬಾರದು. ನನ್ನ ರೂಮ್‌ಮೇಟ್ ಅವರ ಮನೆಯ ಆರು ಕಿಟಕಿ ತಗೊಂಡು ಹತ್ತು ನಿಮಿಷದಲ್ಲಿ ಮುಗಿಸಿ ತಲೆ ಬಾಚಿಕೊಂಡು ಕೂತಳು. ನಾನು ಮೊದಲು ಕೈಯಲ್ಲೇ ಬರೆದು ನೋಡಿದೆ. ನಲವತ್ತೊಂದು ಸಾಲು ಬಂತು, ಅದರಲ್ಲಿ ಏಳು ರಿಪೀಟ್. ಆಮೇಲೆ ಒಂದರೊಳಗೊಂದು ಆರು ಲೂಪ್ (ಅದೇ ಕೆಲಸ ಮತ್ತೆ ಮತ್ತೆ ಮಾಡು ಎಂದು ಕಂಪ್ಯೂಟರಿಗೆ ಹೇಳುವುದು) ಹಾಕಿ ತೋರಿಸಿದೆ. ಸರ್ ನೋಡಿ, "ಆರರ ಬದಲು ಇಪ್ಪತ್ತು ಬಂದ್ರೆ ಇಪ್ಪತ್ತು ಲೂಪ್ ಹಾಕ್ತೀಯೇನಮ್ಮಾ?" ಎಂದರು. ಇಡೀ ಕ್ಲಾಸ್ ನಕ್ಕಿತು. ಒಬ್ಬಳೇ ಬೇರೆಯಾಗಿ ಕಾಣಬಾರದು ಎಂದು ನಾನೂ ನಕ್ಕೆ.

ನಿಮ್ಮ ರಂಗಮಂದಿರದ ದೀಪದ ಬೋರ್ಡಿನಲ್ಲಿ ಹಿಡಿಕೆಗಳು ಇದ್ದವಲ್ಲ? ಏಳು ವರ್ಷದವಳಿದ್ದಾಗ ಒಂದನ್ನು ಮುಟ್ಟಿ ನಿಮ್ಮಿಂದ ಕೈಗೆ ಏಟು ತಿಂದದ್ದು ನೆನಪಿದೆ. ಅವುಗಳ ಹೆಸರು ಕಳಿಸುತ್ತೀರಾ? ಬಿಡುವಿಲ್ಲದಿದ್ದರೆ ಬೇಡ. ಬೇಸರವಾಗಿದ್ದರೆ ಈ ಕಾಗದ ಬಂದೇ ಇಲ್ಲ ಅಂದುಕೊಳ್ಳಿ.

ನಾನು ಚೆನ್ನಾಗಿದ್ದೇನೆ. ಎಲ್ಲರೂ ತುಂಬಾ ಫ್ರೆಂಡ್ಲಿ.

ನಿಮ್ಮ,
ಗಡಿಬಿಡಿ

—

ಆಗಸ್ಟ್ 6

ಗಡಿಬಿಡಿಗೆ ಅತ್ತೆಯ ಆಶೀರ್ವಾದ.

ಬಾಗಿಲು ತಟ್ಟುವ ಮೊದಲೇ "ಸರಿ, ನಾನಿನ್ನು ಬರ್ತೀನಿ" ಅನ್ನುವವರನ್ನು ನಾನು ನಾಟಕದಲ್ಲಿ ಮಾತ್ರ ನೋಡಿದ್ದೆ. ನಿನ್ನ ಕಾಗದ ಓದಿದ ಮೇಲೆ ಅಂಥವರು ನಮ್ಮ ಮನೆಯಲ್ಲೂ ಇದ್ದಾರೆ ಅಂತ ತಿಳಿಯಿತು. ಕಾಗದ ಬಂದದ್ದು ತೊಂದರೆಯಲ್ಲ ಕಣೇ. ಬಂದದ್ದನ್ನು ಬಂದಿಲ್ಲ ಅಂದುಕೊಳ್ಳೋದು ತೊಂದರೆ.

ಹಿಡಿಕೆಗಳು ಆರೇ. ಎಡದಿಂದ ಬಲಕ್ಕೆ: ಮುಂದಿನ ಸಾಲು, ಹಿಂದಿನ ಸಾಲು, ಎಡಪಕ್ಕ, ಬಲಪಕ್ಕ, ಮೇಲಿನವು, ಸಭಾಂಗಣ. ಮೊದಲ ಐದು ರಂಗದ ಮೇಲಿನ ದೀಪಗಳು, ಕೊನೆಯದು ಜನ ಕೂರುವ ಕಡೆಯದು. ಮೇಲೆತ್ತಿದರೆ ಹತ್ತುತ್ತವೆ, ಕೆಳಗಿಳಿಸಿದರೆ ಆರುತ್ತವೆ. ನಡುವೆ ಇನ್ನೇನೂ ಇಲ್ಲ. ನನ್ನ ಹಾಗೆ.

ನಿನ್ನ ಕಂಪ್ಯೂಟರಿನಿಂದ ನನಗೂ ಒಂದು ಕೆಲಸ ಆಗಬೇಕು. ಒಂದೂವರೆ ತಿಂಗಳಿಂದ ಇಲ್ಲೊಂದು ಭೂತ ಸೇರಿಕೊಂಡಿದೆ. ಆಟದ ನಡುವೆ ಎಲ್ಲಿಂದಲೋ "ಗುಂಯ್" ಅಂತ ಶಬ್ದ. ಈಗ ನಡೆಯುತ್ತಿರುವ ನಾಟಕದಲ್ಲಿ ಅಪ್ಪ ಸಾಯುವ ದೃಶ್ಯವಿದೆ. ಹೋದ ಶನಿವಾರ ಅಪ್ಪ ಸತ್ತರು, ಮಗಳು ಅವರ ಕೈ ಹಿಡಿದು ಕೂತಳು, ನಾನು ದೀಪ ಆರಿಸಿದೆ. ಜನ ಮೂಗು ಒರೆಸಿಕೊಳ್ಳುವ ಹೊತ್ತು. ಸಂಗೀತವೂ ಇಲ್ಲ, ಪೂರ್ತಿ ಮೌನ. ಆಗ ಗುಂಯ್ಯ್ಯ್! ಮೂರನೇ ಸಾಲಿನಿಂದ ಯಾರೋ "ಅಪ್ಪ ಇನ್ನೂ ಹೋಗಿಲ್ಲ ಕಣ್ರೋ" ಅಂದರು. ಇಡೀ ಮಂದಿರ ನಕ್ಕಿತು. ನಾನು ಗಾಬರಿಯಲ್ಲಿ ಎಡಪಕ್ಕದ ಹಿಡಿಕೆ ಎತ್ತಿದೆ. ಶಬ್ದ ನಿಂತಿತು. ಆದರೆ ಬೆಳಕು ಬಿದ್ದದ್ದು ಸತ್ತ ಅಪ್ಪನ ಮೇಲೆ, ಅವರೂ ನಗುತ್ತಿದ್ದರು.

ಎಡಪಕ್ಕದ್ದೇ ದೋಷ ಅಂತ ಅದನ್ನು ಪೂರ್ತಿ ಬಿಚ್ಚಿ ನೋಡಿದೆ. ಏನೂ ಇಲ್ಲ. ಅದರ ಹಿಂದಿನ ವಾರ "ಮೇಲಿನವು" ಎತ್ತಿದಾಗ ನಿಂತಿತ್ತು, ಆಗ ಮೇಲಿನವನ್ನೆಲ್ಲ ಬಿಚ್ಚಿದ್ದೆ. ಅಲ್ಲೂ ಇಲ್ಲ. ಯಾವ ಹಿಡಿಕೆಗಳು ಯಾವುದರ ಜೊತೆ ಸೇರಿದಾಗ ಇದು ಶುರುವಾಗುತ್ತೋ ತಿಳಿಯದು. ಸ್ಪೀಕರು ಕೆಟ್ಟಿದೆ ಅಂತ ಎಲ್ಲರ ತೀರ್ಮಾನ. ಸ್ಪೀಕರಿನವರು ದೀಪ ಕೆಟ್ಟಿದೆ ಅಂತಾರೆ. ಮ್ಯಾನೇಜರಂತೂ, ಈ ತಿಂಗಳೊಳಗೆ ಹುಡುಕದಿದ್ದರೆ ಒಂದನೇ ತಾರೀಕು ದೀಪದ ಕಂಪನಿಯವರು ಬಂದು ಹಳೇ ಬೋರ್ಡು ಕಿತ್ತು ಹೊಸದು ಹಾಕ್ತಾರೆ ಅಂದಿದ್ದಾರೆ. ಅದಕ್ಕೆ ಅವರದೇ ಮನುಷ್ಯ ಬರ್ತಾನಂತೆ. ನನ್ನನ್ನು ಬಾಗಿಲಲ್ಲಿ ಜನರ ಬ್ಯಾಗು, ಕೊಡೆ ಇಸಿದುಕೊಳ್ಳುವ ಕಿಟಕಿಗೆ ಹಾಕ್ತಾರಂತೆ. ದೊಡ್ಡ ವಿಷಯವೇನಲ್ಲ. ಕೂತು ಮಾಡುವ ಕೆಲಸ.

ನಿನ್ನ ಪಟ್ಟಿ ಕಳಿಸು. ಒಂದೊಂದೇ ಸಾಲು ಹಾಕಿ ನೋಡ್ತೀನಿ. ರಿಪೀಟ್ ಆಗದ ಹಾಗೆ ಬರೆಯೋದು ಕಷ್ಟವೇನಲ್ಲ. ಬಲಗಡೆಯ ಕೊನೆಯ ಹಿಡಿಕೆ ಪ್ರತಿ ಸಾಲಿಗೂ ಬದಲಾಗಲಿ. ಅದರ ಪಕ್ಕದ್ದು ಎರಡು ಸಾಲಿಗೊಮ್ಮೆ, ಅದರಾಚೆಯದು ನಾಲ್ಕಕ್ಕೊಮ್ಮೆ, ಆಮೇಲೆ ಎಂಟಕ್ಕೆ. ಕೈಗೆ ರೂಢಿಯಾದರೆ ತಲೆ ಬೇಕಾಗಿಲ್ಲ.

ಎಲ್ಲರೂ ಫ್ರೆಂಡ್ಲಿ ಅಂದೆ. ಒಬ್ಬರ ಹೆಸರೂ ಬರೆದಿಲ್ಲ.

ಅತ್ತೆ

—

ಆಗಸ್ಟ್ 11

ಪ್ರೀತಿಯ ಅತ್ತೆಗೆ,

ಸಾರಿ, ಈ ಕಾಗದ ಸ್ವಲ್ಪ ದಪ್ಪ ಇದೆ. ಆದರೆ ಅತ್ತೆ, ಬಂತು! ಬಂದೇಬಿಟ್ಟಿತು!

ಕೊನೆಯಲ್ಲಿ ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಎಂದು ಬರೆದಿದ್ದೀರಲ್ಲ, ಅದು ಬರೀ ಎಣಿಕೆ ಅತ್ತೆ! ಸೊನ್ನೆಯಿಂದ ಅರವತ್ತಮೂರರವರೆಗೆ ಎಣಿಸುತ್ತ, ಪ್ರತಿ ಸಂಖ್ಯೆಯನ್ನೂ 0 ಮತ್ತು 1 ಎರಡೇ ಅಂಕಿಯಲ್ಲಿ ಬರೆದರೆ, ನಿಮ್ಮ ಹಿಡಿಕೆಗಳು ತಾವಾಗಿಯೇ ಮೇಲೆ ಕೆಳಗೆ ಆಗುತ್ತವೆ. 1 ಅಂದರೆ ಮೇಲೆ, 0 ಅಂದರೆ ಕೆಳಗೆ. ಆರು ಲೂಪ್ ಬೇಡ, ಒಂದೇ ಸಾಕು. ಏಳು ಹಿಡಿಕೆ ಇದ್ದರೆ ಇನ್ನಷ್ಟು ದೂರ ಎಣಿಸಿದರಾಯಿತು. ಸರ್ ಇದನ್ನು ಮೂರು ಕ್ಲಾಸ್ ಹೇಳಿದ್ದಾರೆ. ಮೂರೂ ದಿನ ನಾನು ನೋಟ್ಸಿನಲ್ಲಿ ನೀಟಾಗಿ ಬರೆದುಕೊಂಡಿದ್ದೇನೆ. ಅರ್ಥವಾದದ್ದು ಮಾತ್ರ ನಿಮ್ಮ ಕಾಗದ ಕೈಯಲ್ಲಿ ಹಿಡಿದು ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತಾಗ.

ಪ್ರಿಂಟ್ ತೆಗೆಯಲು ಅಪ್ಲಿಕೇಷನ್ ಬರೆಯಬೇಕು, ಅದಕ್ಕೆ ಹೆದರಿ ಪೂರ್ತಿ ಕೈಯಲ್ಲಿ ಕಾಪಿ ಮಾಡಿದ್ದೇನೆ. ಬರೆಯುವಾಗ ವಾರ್ಡನ್ ಮೇಡಂ ಬಂದರು.

"ಏನಿದು, ಪುಟಗಟ್ಟಲೆ ಸೊನ್ನೆ ಒಂದು? ಯಾರಿಗೆ ಈ ಗುಪ್ತ ಸಂದೇಶ?"

"ಅತ್ತೆಗೆ ಮೇಡಂ."

"ಅತ್ತೆಗಾ! ಅಲ್ಲಿತನಕ ಹೋಗಿದೆಯಾ? ಹುಡುಗ ಯಾರು?"

ನೀವು ಅಪ್ಪನ ಅಕ್ಕ ಎಂದು ಒಪ್ಪಿಸಲು ಕಾಲು ಗಂಟೆ ಹಿಡಿಯಿತು. ಅವರಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಒಟ್ಟು ಅರವತ್ತನಾಲ್ಕು ಸಾಲು ಬರುತ್ತವೆ. ನಿಮಗೆ ಅರವತ್ತಮೂರು ಕಳಿಸಿದ್ದೇನೆ. ಮೊದಲನೆಯದರಲ್ಲಿ ಆರೂ ಸೊನ್ನೆ, ಅಂದರೆ ಎಲ್ಲ ಹಿಡಿಕೆಗಳೂ ಕೆಳಗೆ. ಅದು ಏನೂ ಇಲ್ಲದ ಸಾಲು. ಏನೂ ಉರಿಯದಿದ್ದಾಗ ಏನು ಕೆಡಲು ಸಾಧ್ಯ? ಸುಮ್ಮನೆ ನಿಮ್ಮ ಟೈಮ್ ವೇಸ್ಟ್ ಎಂದು ತೆಗೆದುಹಾಕಿದೆ. ಸರ್‌ಗೂ ಹಾಗೇ ಕೊಡುತ್ತೇನೆ.

ಹೊಸ ಕೆಲಸ ಕೂತು ಮಾಡುವಂಥದ್ದು ಎಂದು ಓದಿ ಖುಷಿಯಾಯಿತು. ನಿಮ್ಮ ಮಂಡಿನೋವಿಗೆ ತುಂಬಾ ಒಳ್ಳೆಯದು.

ನಾನು ಚೆನ್ನಾಗಿದ್ದೇನೆ. ರೂಮ್‌ಮೇಟ್ ಹೆಸರು ಬರೆಯೋಣವೆಂದರೆ ಅವಳಿಗೂ ನನ್ನ ಹೆಸರು ಗೊತ್ತಿದ್ದ ಹಾಗಿಲ್ಲ. "ಹಲೋ" ಎನ್ನುತ್ತಾಳೆ.

ನಿಮ್ಮ,
ಗಡಿಬಿಡಿ

—

ಆಗಸ್ಟ್ 19

ಆಶೀರ್ವಾದ.

ನಿನ್ನ ಪಟ್ಟಿ ಬಂತು. ನಿನ್ನೆ ಸೋಮವಾರ, ಮಂದಿರಕ್ಕೆ ರಜೆ. ಅರವತ್ತಮೂರೂ ಹಾಕಿ ನೋಡಿದೆ.

ನಾನು ಮೇಲೆ, ಬೋರ್ಡಿರುವ ಗಾಜಿನ ಗೂಡಿನಲ್ಲಿ ಇರುವುದರಿಂದ ಕೆಳಗೆ ಕಿವಿಗೊಟ್ಟು ಕೂರಲು ಒಬ್ಬರು ಬೇಕಿತ್ತು. ಟಿಕೆಟ್ ಕೊಡುವ ಯಜಮಾನರನ್ನು ಐದನೇ ಸಾಲಿನಲ್ಲಿ ಕೂರಿಸಿದೆ. ಅವರಿಗೆ ಬಲಗಿವಿ ಮಾತ್ರ ಕೇಳುತ್ತದೆ, ಆದರೆ ಅದು ಇಬ್ಬರ ಕಿವಿಗೆ ಸಮ. ಸಾಲು ಬದಲಾದಾಗಲೆಲ್ಲ ನಾನು "ಈಗ?" ಅನ್ನೋದು, ಅವರು "ಇಲ್ಲಾ" ಅನ್ನೋದು. ನಲವತ್ತರ ಹತ್ತಿರ ನಾನು "ಈಗ?" ಅನ್ನುವ ಮೊದಲೇ "ಇಲ್ಲಾ" ಬಂತು. ಹೋಗಿ ನೋಡಿದರೆ ನಿದ್ದೆ. ಎಲ್ಲಿಂದ ಮಲಗಿದ್ದರೋ ತಿಳಿಯದೆ ಹದಿನೈದನೆಯ ಸಾಲಿನಿಂದ ಮತ್ತೆ ಹಾಕಿದೆ.

ಒಂದರಲ್ಲೂ ಶಬ್ದ ಬರಲಿಲ್ಲ.

ನಿನ್ನ ಪಟ್ಟಿಯಲ್ಲಿ ತಪ್ಪಿಲ್ಲ, ನಾನೂ ಬೆರಳಿಟ್ಟು ನೋಡಿದೆ. ಏನೂ ಇಲ್ಲದ ಸಾಲು ಬಿಟ್ಟದ್ದು ಒಳ್ಳೆಯದೇ ಆಯಿತು, ಅಷ್ಟಾದರೂ ಉಳಿಯಿತು. ಭಾನುವಾರದ ಆಟದಲ್ಲಿ ಅಪ್ಪ ಸತ್ತ ಮೇಲೆ ಮತ್ತೆ ಗುಂಯ್ ಅಂದಿತ್ತು. ಈ ಸಲ ಬಲಪಕ್ಕ ಎತ್ತಿದಾಗ ನಿಂತಿತು. ಮ್ಯಾನೇಜರು ಕಂಪನಿಯವರಿಗೆ ಬರಹೇಳಿದ್ದಾರೆ.

ಮಂಡಿನೋವಿಗೆ ಒಳ್ಳೆಯದು ಅಂತ ಬರೆದಿದ್ದೀಯ. ಹೌದು.

ಚೆನ್ನಾಗಿ ಓದು.

ಅತ್ತೆ

—

ಆಗಸ್ಟ್ 24

ಪ್ರೀತಿಯ ಅತ್ತೆಗೆ,

ನಿಮ್ಮ "ಹೌದು" ಎನ್ನುವ ಒಂದು ಪದವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮುಂದೆ ಒಂದು ಫುಲ್‌ಸ್ಟಾಪ್ ಬೇರೆ. ನೀವು ನನ್ನನ್ನು ಗಡಿಬಿಡಿ ಎಂದೂ ಕರೆದಿಲ್ಲ. ನನ್ನ ಮೇಲೆ ಕೋಪ ಎಂದು ಮೂರು ದಿನ ಅಂದುಕೊಂಡಿದ್ದೆ.

ಇವತ್ತು ಭಾನುವಾರ, ಅಮ್ಮನ ಫೋನ್ ಬಂತು. "ನೀವೆಲ್ಲ ಅತ್ತೆಗೆ ಹೊಸ ಕೆಲಸ ಸಿಕ್ಕಿದ್ದಕ್ಕೆ ವಿಷ್ ಮಾಡಿದ್ರಾ?" ಎಂದು ಕೇಳಿದೆ. ಅಮ್ಮ, "ಏನೇ ಹಾಗಂದ್ರೆ? ಮೂವತ್ತೊಂದು ವರ್ಷ ಆ ಬೋರ್ಡಿನ ಮುಂದೆ ನಿಂತೋರು ಅವರು. ಕೊಡೆ ಕಾಯೋಕೆ ಕೂರಿಸಿದ್ರೆ ಬದುಕ್ತಾರಾ?" ಎಂದರು. ಹಿಂದಿನಿಂದ ಅಪ್ಪ ಏನೂ ಕೇಳಲಿಲ್ಲ.

ಅತ್ತೆ, ಮಂಡಿನೋವಿನ ವಿಷಯ ಬರೆದ ನನ್ನ ಕೈಯನ್ನು ಕತ್ತರಿಸಬೇಕು. ಇದಕ್ಕೆ ಸಾರಿ ಎಂದು ಬರೆಯಲೂ ನಾಚಿಕೆ.

ಇನ್ನೊಂದು ವಿಷಯ. ಶುಕ್ರವಾರ ಸರ್‌ಗೆ ಅಸೈನ್‌ಮೆಂಟ್ ತೋರಿಸಿದೆ. ಬೆರಳಿಟ್ಟು ಎಣಿಸಿದರು.

"ಅರವತ್ತಮೂರಿದೆ. ಒಂದೆಲ್ಲಿ ಹೋಯ್ತು?"

"ಅದು ಏನೂ ಇಲ್ಲದ ಸಾಲು ಸರ್. ಬೇಡ ಅಂತ ಬಿಟ್ಟೆ."

"ಬೇಕೋ ಬೇಡವೋ ಅಂತ ನಿನ್ನನ್ನ ಯಾರಾದ್ರೂ ಕೇಳಿದ್ರಾ? ಎಲ್ಲಾ ಅಂದ್ರೆ ಎಲ್ಲಾ. ಮುಖ್ಯ ಯಾವ್ದು ಅಲ್ಲ ಯಾವ್ದು ಅಂತ ಆಮೇಲೆ ನೋಡೋದು. ತಗೊಂಡ್ಹೋಗು."

ವಾಪಸ್ ಕೊಟ್ಟರು. ಸೀಟಿಗೆ ಬರುವಷ್ಟರಲ್ಲಿ ನನಗೆ ನಿಮ್ಮ ಮೊದಲನೇ ಕಾಗದ ನೆನಪಾಯಿತು. ಎಡಪಕ್ಕ ಎತ್ತಿದಾಗ ನಿಂತಿತು, ಮೇಲಿನವು ಎತ್ತಿದಾಗಲೂ ನಿಂತಿತು, ಈಗ ಬಲಪಕ್ಕ. ಅಂದರೆ ಯಾವುದನ್ನು ಎತ್ತಿದರೂ ನಿಲ್ಲುತ್ತದೆ. ಹಾಗಾದರೆ, ಯಾವುದನ್ನೂ ಎತ್ತದೇ ಇದ್ದಾಗ? ಇದು ಪೂರ್ತಿ ಸ್ಟುಪಿಡ್ ಐಡಿಯಾ ಇರಬಹುದು. ನನ್ನ ಐಡಿಯಾಗಳು ಹಾಗೇ ಇರುತ್ತವೆ. ಮೊದಲ ಟೆಸ್ಟಿನಲ್ಲಿ ನನಗೆ ಇಪ್ಪತ್ತೈದಕ್ಕೆ ನಾಲ್ಕು ಬಂದಿದೆ, ಇದನ್ನು ಮನೆಯಲ್ಲಿ ಹೇಳಿಲ್ಲ, ನೀವೂ ಹೇಳಬೇಡಿ. ಆದರೂ ಅರವತ್ತನಾಲ್ಕನೆಯ ಸಾಲು ಕಳಿಸುತ್ತಿದ್ದೇನೆ. ಕತ್ತಲೆಯಲ್ಲಿ ಟಾರ್ಚಿಗೂ ಕಾಣಲಿ ಎಂದು, ಕೈಗೆ ಸಿಕ್ಕಿದ ಹಾಳೆಯ ಹಿಂದೆ ದೊಡ್ಡದಾಗಿ ಬರೆದಿದ್ದೇನೆ. ಹಾಸ್ಟೆಲ್ ಗೇಟು ಮುಚ್ಚುವ ಮೊದಲು ಪೋಸ್ಟ್ ಡಬ್ಬಿಗೆ ಹಾಕಬೇಕು, ಓಡುತ್ತೇನೆ.

0 0 0 0 0 0

ನಿಮ್ಮ,
ಗಡಿಬಿಡಿ

—

ಆಗಸ್ಟ್ 26 (ಕಾರ್ಡು)

ಅತ್ತೆ, ಅರ್ಜೆಂಟ್. ನಾನು ಕಳಿಸಿದ ಆರು ಸೊನ್ನೆಯ ಹಾಳೆಯನ್ನು ದಯವಿಟ್ಟು ತಿರುಗಿಸಬೇಡಿ. ಹಿಂದೆ ಏನೂ ಇಲ್ಲ. ತಿರುಗಿಸದೆ, ಮಡಿಚದೆ, ಹಾಗೆಯೇ ಕವರಿನಲ್ಲಿ ಹಾಕಿ ವಾಪಸ್ ಕಳಿಸಿ. ಸಾರಿ. ನಾನು ಚೆನ್ನಾಗಿದ್ದೇನೆ.

—

ಆಗಸ್ಟ್ 29

ಗಡಿಬಿಡಿ,

ಮೊದಲು ಸಾರಿ. ಈ ಪದ ನಾನು ಬರೆಯುತ್ತಿರುವುದು ಇದೇ ಮೊದಲು, ಕೈ ತಡೆಯುತ್ತಿದೆ. ಹಾಳೆ ತಿರುಗಿಸಬೇಡಿ ಅನ್ನುವ ನಿನ್ನ ಕಾರ್ಡು ಬಂದದ್ದು ಇವತ್ತು. ಹಾಳೆ ಬಂದದ್ದು ಮೊನ್ನೆ.

ಮುಂದಿನದನ್ನು ಮೊದಲು ಹೇಳ್ತೀನಿ, ಹಿಂದಿನದು ಆಮೇಲೆ.

ನಿನ್ನೆ ಬೆಳಿಗ್ಗೆ ತಾಲೀಮು ಶುರುವಾಗುವ ಮೊದಲು ಟಿಕೆಟ್ ಯಜಮಾನರನ್ನು ಕರೆದೆ. "ಇನ್ನೊಂದೇ ಒಂದು ಸಾಲು ಬಾಕಿ ಇದೆ" ಅಂದೆ. "ಏನು ಹಾಕ್ತೀರಿ?" ಅಂದರು. "ಏನೂ ಹಾಕಲ್ಲ" ಅಂದೆ. "ಏನೂ ಹಾಕದೇ ಇರೋದನ್ನ ಕೇಳೋಕೆ ನಾನ್ಯಾಕೆ?" ಅಂದರು. ಸರಿಯಾದ ಪ್ರಶ್ನೆಯೇ. ಆದರೂ ಬಂದು ಕೂತರು. ಆರೂ ಹಿಡಿಕೆ ಕೆಳಗಿಳಿಸಿದೆ. ಬಾಗಿಲು ಕಿಟಕಿ ಮುಚ್ಚಿದ ಮಂದಿರ, ನನ್ನ ಕೈ ನನಗೆ ಕಾಣಲಿಲ್ಲ.

"ಈಗ?" ಅಂದೆ.

"ಇಲ್..." ಅಂದವರು ಅಲ್ಲೇ ನಿಲ್ಲಿಸಿದರು. ಗುಂಯ್ಯ್ಯ್.

ಯಜಮಾನರು ಬಲಗಿವಿ ಮುಂದೆ ಮಾಡಿಕೊಂಡು ಕತ್ತಲಲ್ಲೇ ನಡೆದರು. ಎರಡು ಕುರ್ಚಿ ಬಿದ್ದವು, ಒಂದು ಬೈಗುಳ ಕೇಳಿತು. ಆಮೇಲೆ "ಸ್ಪೀಕರಲ್ಲ ರೀ! ಬಾಗಿಲು! ಬಾಗಿಲ ಮೇಲೆ!" ಅಂತ ಕೂಗು. ಟಾರ್ಚು ಹಿಡಿದು ಹೋಗಿ ಸ್ಟೂಲು ಹತ್ತಿದೆ. ಹೊರಗೆ ಹೋಗುವ ಬಾಗಿಲ ಮೇಲೆ, ಪರದೆಯ ಹಿಂದೆ, ಒಂದು ಪುಟ್ಟ ಟ್ಯೂಬ್‌ಲೈಟು. ಮಂದಿರದ ಎಲ್ಲ ದೀಪವೂ ಆರಿದಾಗ ಜನಕ್ಕೆ ದಾರಿ ಕಾಣಲಿ ಅಂತ, ತಾನಾಗಿಯೇ ಹತ್ತಿಕೊಳ್ಳುವ ಹಾಗೆ ಮಾಡಿದ್ದು. ಒಂದು ಹಿಡಿಕೆ ಮೇಲಿದ್ದರೂ ಅದು ಹತ್ತಲ್ಲ. ಟ್ಯೂಬು ಸುಟ್ಟು ಎಷ್ಟು ಕಾಲವಾಯಿತೋ, ಬೆಳಕಿಲ್ಲ. ಅದರ ಚೋಕು ಸಡಿಲವಾಗಿ ಗುಂಯ್ಗುಡುತ್ತಿದೆ. ಉಳಿದ ಕಡೆ ದೀಪ ಆರಿಸಿದಾಗ ಸಂಗೀತ ಇರುತ್ತೆ, ಅದರಲ್ಲಿ ಮುಳುಗಿಹೋಗುತ್ತಿತ್ತು. ತಾಲೀಮಿನಲ್ಲಿ ಸಭಾಂಗಣದ ದೀಪ ಆರಿಸುವುದೇ ಇಲ್ಲ. ಮನೆಗೆ ಹೋಗುವಾಗ ನಾನು ಮೇನ್ ಸ್ವಿಚ್ಚೇ ಆರಿಸಿ ಹೋಗ್ತೀನಿ. ಉಳಿದದ್ದು ಅಪ್ಪನ ಸಾವು ಒಂದೇ.

"ಇದನ್ನ ಹಾಕಿದ ಬುದ್ಧಿವಂತರು ಯಾರು?" ಅಂತ ಯಜಮಾನರು ಕೇಳಿದರು. ನಾನು ಸ್ಟೂಲಿನಿಂದ ಇಳಿಯಲೇ ಇಲ್ಲ. ಹಾಕಿದವಳು ನಾನೇ. ಹತ್ತೊಂಬತ್ತು ವರ್ಷದ ಹಿಂದೆ, ಈ ಕೈಯಿಂದಲೇ. ಪೂರ್ತಿ ಮರೆತಿದ್ದೆ.

ಚೋಕು ಬದಲಾಯಿಸಿದೆ, ಟ್ಯೂಬೂ ಹಾಕಿದೆ. ನಿನ್ನೆಯ ಆಟದಲ್ಲಿ ಅಪ್ಪ ಸತ್ತರು, ದೀಪ ಆರಿತು, ಒಂದು ಸದ್ದಿಲ್ಲ. ಮೂರನೇ ಸಾಲಿನಲ್ಲಿ ಯಾರೋ ಗಟ್ಟಿಯಾಗಿ ಅತ್ತರು. ಮ್ಯಾನೇಜರು ಗೂಡಿಗೆ ಹತ್ತಿ ಬಂದು, "ಕಂಪನಿಯವರಿಗೆ ಸದ್ಯಕ್ಕೆ ಬೇಡ ಅಂದೆ" ಅಂದರು. ಬ್ಯಾಗಿನ ಕಿಟಕಿ ದೊಡ್ಡ ವಿಷಯವಲ್ಲ ಅಂತ ನಿನಗೆ ಬರೆದಿದ್ದೆನಲ್ಲ, ಅದು ಸುಳ್ಳು. ಮ್ಯಾನೇಜರು ಹಾಗಂದ ದಿನದಿಂದ ನನಗೆ ಊಟ ಸೇರಿರಲಿಲ್ಲ. ನಿನ್ನಪ್ಪನಿಗೆ ಮಾತ್ರ ಹೇಳಿದ್ದೆ.

ಇನ್ನು ಹಿಂದಿನದು.

ಹಿಂದೆ ಏನೂ ಇಲ್ಲ ಅಂತ ಬರೆದಿದ್ದೀಯ. ಏನೂ ಇಲ್ಲ ಅಂತ ನೀನು ಹೇಳುವುದನ್ನು ಇನ್ನು ಮೇಲೆ ನಾನು ನಂಬುವುದಿಲ್ಲ. ಕೋರ್ಸು ಬಿಡುವುದಕ್ಕೆ ಆಫೀಸಿಗೆ ಕೊಡುವ ಫಾರಮ್ಮು. ನಿನ್ನ ಹೆಸರು, ನಿನ್ನ ಸಹಿ. ಕಾರಣ ಅನ್ನುವ ಕಡೆ "ಆರೋಗ್ಯ" ಅಂತ ಬರೆದು ಹೊಡೆದುಹಾಕಿದ್ದೀಯ. "ವೈಯಕ್ತಿಕ" ಅಂತ ಬರೆದು ಅದನ್ನೂ ಹೊಡೆದಿದ್ದೀಯ. ಕೊನೆಗೆ ಬರೆದದ್ದು "ಸಾರಿ". ಕಾರಣ: ಸಾರಿ. ಓದಿ ಮೊದಲು ನಕ್ಕೆ. ಆಮೇಲೆ ಕನ್ನಡಕ ಒರೆಸಿಕೊಂಡೆ.

ಮನೆಯಲ್ಲಿ ಹೇಳಿಲ್ಲ, ಹೇಳುವುದೂ ಇಲ್ಲ. ಇಪ್ಪತ್ತೈದಕ್ಕೆ ನಾಲ್ಕು ಬಂದದ್ದು ನಿಜ. ಮೂವತ್ತೊಂದು ವರ್ಷ ಬೋರ್ಡಿನ ಮುಂದೆ ನಿಂತವಳಿಗೆ ಹೊಳೆಯದ್ದು ನಿನಗೆ ಸೀಟಿಗೆ ವಾಪಸ್ ಹೋಗುವ ದಾರಿಯಲ್ಲಿ ಹೊಳೆಯಿತು, ಅದೂ ನಿಜ. ಎರಡನ್ನೂ ಪಕ್ಕಪಕ್ಕ ಇಟ್ಟು ನೀನೇ ನೋಡು. ಅದರ ಮೇಲೆ ನಾನು ಭಾಷಣ ಮಾಡಲ್ಲ.

ಪೋಷಕರ ಸಹಿಯ ಜಾಗ ಖಾಲಿ ಇದೆ. ಫಾರಮ್ಮು ಬೇಕೇಬೇಕು ಅಂದರೆ ಅಲ್ಲಿ ನಾನೇ ಸಹಿ ಹಾಕಿ ಕಳಿಸ್ತೀನಿ, ಗದರಿಸುವುದಿಲ್ಲ, ನನ್ನ ಹತ್ತಿರ ಬಂದು ನಾಲ್ಕು ದಿನ ಇದ್ದು ಹೋಗು. ಬೇಡ ಅಂದರೆ ಇದನ್ನು ಗೂಡಿನ ಗೋಡೆಗೆ ಅಂಟಿಸ್ತೀನಿ, ಸೊನ್ನೆಗಳು ಈಚೆ, ಸಾರಿ ಆಚೆ. ಅಂಟುಪಟ್ಟಿ ನಾಲ್ಕು ತುಂಡು ಕತ್ತರಿಸಿ ಆಗಲೇ ಬೋರ್ಡಿನ ಅಂಚಿಗೆ ನೇತುಹಾಕಿದ್ದೇನೆ. ಬರೋರು ಹೋಗೋರೆಲ್ಲ ತೋಳಿಗೆ ಅಂಟಿಸಿಕೊಂಡು ನನಗೆ ಬೈಯುತ್ತಿದ್ದಾರೆ. ಕೊಡಲು ಕೊನೆಯ ದಿನ ಹತ್ತನೇ ತಾರೀಕು ಅಂತ ಫಾರಮ್ಮಿನಲ್ಲೇ ಅಚ್ಚಾಗಿದೆ.

ಕಳಿಸಲೋ, ಅಂಟಿಸಲೋ? ಬೇಗ ಉತ್ತರ ಬರೆ.

ಅತ್ತೆ